ಹಿತ್ತಲ ಬಾಗಲದ ಅಕ್ಕೋರು

ಬಿ.ಇ.ಓ. ಆಫೀಸು ಅಂದ್ರ ಗಂಡನ ಮನಿ, ಬಿ.ಆರ್.ಸಿ. ಅಂದ್ರ ತವರಮನಿ. ಈ ಪಾಠ ನನಗ ಯಾವ ಟ್ರೇನಿಂಗ್ ಕಾಲೇಜಿನ್ಯಾಗೂ ಸಿಗಲಿಲ್ಲ. ಕಲಿಸಿದವರು ನಮ್ಮ ಅಕ್ಕೋರು.

ನಾನು ಬೈಲಹೊಂಗಲ ಪ್ಯಾಟಿಯೊಳಗ ಬೆಳೆದಾಕಿ. ತೊಂಬತ್ತರ ದಶಕ ಮುಗಿಯೋ ಹೊತ್ತಿಗೆ ಮಾಸ್ತರಕಿ ನೌಕರಿ ಬಂತು. ಹಾಕಿದ್ದು ರಾಮದುರ್ಗ ತಾಲೂಕಿಗೆ, ಸುರೇಬಾನದಿಂದ ಒಳಗ ಒಂದು ಸಣ್ಣ ಊರಿಗೆ. ಸುರೇಬಾನದಾಗ ಖೋಲಿ ಮಾಡಿದ್ದೆ. ಬಸ್ಸಿಗೆ ಹೋಗೋದು, ಬಸ್ಸಿಗೆ ಬರೋದು; ಬಸ್ ಬರದಿದ್ರ ಕಾಲು ಇದ್ದ ಅದಾವಲ್ಲ. ಒಂದರಿಂದ ಏಳನೇ ಇಯತ್ತೆ ಮಟಾ ಕನ್ನಡ ಸಾಲಿ. ಆವಾಗ ನನಗ ಸಿಟ್ಟು ಮೂಗಿನ ತುದಿಮ್ಯಾಲ. ಅಂಥಾದ್ರಾಗ ಇಲಾಖೆಯವರು ದಿನಕ್ಕೊಂದು ಹೊಸ ಹೆಸರು ಹಡಿಯೋ ಕಾಲ ಅದು. ಬಿ.ಆರ್.ಸಿ. ಅಂದ್ರು, ಸಿ.ಆರ್.ಸಿ. ಅಂದ್ರು, ಡಯಟ್ ಅಂದ್ರು, ಟಿ.ಎಲ್.ಎಂ. ಅಂದ್ರು. ಯಾವುದು ಯಾರ ಕೈಕೆಳಗ, ಯಾರಿಗೆ ಹೆದರಬೇಕು, ಯಾರ ಮುಂದ ನಕ್ಕರ ನಡೀತೈತಿ, ಒಂದೂ ತಿಳೀತಿರಲಿಲ್ಲ. ಕೇಳಿದ್ರ ನಮ್ಮ ಮುಖ್ಯೋಪಾಧ್ಯಾಯ್ರು ಪೂರ್ತಿ ಇಂಗ್ಲಿಷ್ ಹೆಸರು ಹೇಳಿ ಮುಗಿಸಿಬಿಡತಿದ್ರು. ಅದರಾಗ ತಿಳಿಯೋದೇನೈತಿ, ಮಣ್ಣು.

ಅಕ್ಕೋರು ನಮ್ಮ ಸಿ.ಆರ್.ಪಿ. ಅಂದ್ರ ಸುತ್ತಲಿನ ಹತ್ತಾರು ಸಾಲಿಗೆ ತಿರುಗಿ, ಮಾಸ್ತರ ಮಂದಿಗೆ ಕಲಿಸೋದು ಹೆಂಗ ಅಂತ ತೋರಿಸಿಕೊಡೋರು. ಸಂಪಗಾಂವದ ಮನಿಮಗಳು. ಕಿತ್ತೂರ ಕಡೆ ಒಂದಿಷ್ಟು ವರ್ಷ, ಸವದತ್ತಿ ಕಡೆ ಒಂದಿಷ್ಟು ವರ್ಷ ತಾವೂ ಕಲಿಸಿ, ತಲಿ ಬೆಳ್ಳಗಾದ ಮ್ಯಾಲ ನಮ್ಮ ಕಡೆ ಬಂದಿದ್ರು. ಅವರ ಹೆಸರು ನಾ ಇಲ್ಲಿ ಬರಿಯೂದಿಲ್ಲ. ಬರದ್ರ, "ನಿನಗ ಬ್ಯಾರೆ ಉದ್ಯೋಗ ಇಲ್ಲೇನವಾ" ಅಂತ ಬೈತಾರ.

ಗಿಡ್ಡನ್ನ ಮನಿಷಾಳು. ಕಪ್ಪನ ಮೈಬಣ್ಣ, ಹಣಿತುಂಬ ವಿಭೂತಿ, ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಚಸ್ಮಾ. ಒಂದು ಕೈಯಾಗ ಛತ್ರಿ, ಇನ್ನೊಂದು ಕೈಯಾಗ ಅರಿವಿ ಚೀಲ. ಚೀಲದಾಗ ಯಾವಾಗಲೂ ಶೇಂಗಾ, ಸಿಪ್ಪಿ ಸುಲೀದಿದ್ದು.

ನಾ ಅವರನ್ನ ಮೊದಲ ನೋಡಿದ್ದು ನನ್ನ ಒಂದನೇತ್ತಿ ವರ್ಗದಾಗ. ಕಳಿಯೋ ಲೆಕ್ಕ ಹೇಳಿಕೊಡಲಿಕ್ಕೆ ಹತ್ತಿದ್ದೆ, ಹೇಳಿಕೊಡೋದಕ್ಕಿಂತ ಒದರೋದ ಹೆಚ್ಚಾಗಿತ್ತು. ಬೋರ್ಡಿನ ಕಡಿಂದ ತಿರುಗಿ ನೋಡತೇನಿ, ಮಕ್ಕಳ ನಡುವ ಒಬ್ಬ ಹೆಣ್ಣುಮಗಳು ಚಕ್ಕಳಬಕ್ಕಳ ಹಾಕಿ ಕುಂತಾಳ. ಸಾಲಿ ಹಿಂದಿನ ಬಾವಿ ಕಡಿಂದ ಬಂದು ಸುಮ್ಮನ ಒಳಗ ಕುಂತಬಿಟ್ಟಿದ್ರು. ಯಾರ ತಾಯಿನೋ ಅಂತ ತಿಳಕೊಂಡು, "ಹೊರಗ ಕುಂದರ್ರಿ, ಸಾಲಿ ನಡದೈತಿ" ಅಂದೆ. ನಕ್ಕೋತ ಎದ್ದು ಹೊರಗ ಹೋಗಿ ಕುಂತ್ರು. ಮುಖ್ಯೋಪಾಧ್ಯಾಯ್ರು ಓಡಿ ಬಂದು ಕುರ್ಚಿ ಹಾಕಿದ ಮ್ಯಾಲನ ಇವರು ಯಾರು ಅಂತ ನನಗ ತಿಳಿದಿದ್ದು.

ಕುರ್ಚಿಮ್ಯಾಲ ಅವರು ಕುಂದರಲಿಲ್ಲ. "ಕುರ್ಚಿಮ್ಯಾಲ ಕುಂತ್ರ ಮಕ್ಕಳ ನೆತ್ತಿ ಕಾಣತೈತಿ, ಮಾರಿ ಕಾಣಂಗಿಲ್ಲ" ಅಂದು ತಿರುಗಿ ಒಳಗ ಬಂದ್ರು. ಪ್ರತಿಯೊಂದು ಕೂಸಿನ ಮುಂದ ಒಂದು ಹಿಡಿ ಶೇಂಗಾ ಸುರುವಿದ್ರು. ಎಣಸ್ರಿ ಅಂದ್ರು, ಎಣಿಸಿದ್ವು. ಈಗ ಎರಡು ತಿನ್ನರಿ ಅಂದ್ರು, ತಿಂದ್ವು. ಉಳಿದಾವೆಷ್ಟು ಅಂದ್ರು. ನಾ ವಾರಗಟ್ಲೆ ಗಂಟಲ ಹರಕೊಂಡಿದ್ದ ಲೆಕ್ಕ ಎಲ್ಲಾ ಕೂಸುಗೋಳ ಬಾಯಾಗ ಬಂತು, ಶೇಂಗಾ ಸಂಗಾಟ.

"ಟಿ.ಎಲ್.ಎಂ. ಅಂದ್ರ ಇದ ತಂಗಿ, ಕಲಿಕೋಪಕರಣ" ಅಂದ್ರು. "ಪಾಠ ಮುಗಿದ ಮ್ಯಾಲ ತಿನ್ನಾಕ ಬಂದ್ರ ಇನ್ನಷ್ಟು ಚೊಲೊ."

ಅಷ್ಟರ ಮ್ಯಾಲ ಅವರಿಗೂ ನನಗೂ ಗೆಳೆತನ ಬಿತ್ತು. ವಯಸ್ಸಿನ್ಯಾಗ ನನ್ನ ಅವ್ವನ ಸರೀಕರು, ಆದ್ರ ಅವರ ಸಂಗಾಟ ಹೇಳಬಾರದ ಮಾತು ಅಂತ ಇರಲಿಲ್ಲ.

ಗಂಡನ ಮನಿ ಪಾಠ ಆಗಿದ್ದು ರಾಮದುರ್ಗದ ಬಸ್ ಸ್ಟ್ಯಾಂಡಿನ್ಯಾಗ. ತಾಲೂಕಿನ ಎಲ್ಲಾ ಸಾಲಿ ನೋಡಿಕೊಳ್ಳೋ ಬಿ.ಇ.ಓ. ಆಫೀಸಿಗೆ ನಾ ಏನೋ ಕೆಲಸಕ್ಕ ಹೋಗಿದ್ದೆ. ಅಲ್ಲಿಯ ಗುಮಾಸ್ತ್ರು ನನ್ನ ಕೆಲಸ ಬಿಟ್ಟು ನನ್ನ ತಪ್ಪು ಹುಡುಕಿ ಕೈಯಾಗ ಕೊಟ್ಟು ಕಳಿಸಿದ್ರು. ಹೊರಗ ಬಂದ್ರ ಅಕ್ಕೋರು ಕಟ್ಟಿಮ್ಯಾಲ ಕುಂತಿದ್ರು. ನನ್ನ ಮಾರಿ ನೋಡಿದವರು ತಮ್ಮ ಚೀಲದ ಬಾಯಿ ಬಿಚ್ಚಿದ್ರು.

"ತಗೋ, ಸುಲಿ. ಗಂಡನ ಮನಿಗೆ ಹೋಗಿ ಬಂದೆಲ್ಲಾ?"

"ಇಲ್ರಿ, ಬಿ.ಇ.ಓ. ಆಫೀಸಿಗೆ."

"ಅದನ್ನ ಅಂದೆ. ಎಷ್ಟ ಚೊಲೊ ಅಡಗಿ ಮಾಡು, ಉಪ್ಪು ಕಡಿಮಿ ಅಂತಾರ. ಹಂಗಂತ ಬಿಟ್ಟ ಬರಾಕ ಆಗತೈತೇನು? ಅನ್ನ ಅಲ್ಲೇ ಐತಿ. ಬಿ.ಆರ್.ಸಿ. ನೋಡು, ತವರಮನಿ. ತರಬೇತಿಗೆ ಅಂತ ಕರೀತಾರ, ಉಣ್ಣಾಕ ಹಾಕತಾರ, ನಾಕ ಬುದ್ಧಿಮಾತ ಹೇಳತಾರ, ಬರುವಾಗ ಕೈಯಾಗ ಏನರ ಕೊಟ್ಟ ಕಳಸತಾರ. ಸುತ್ತಲಿನ ಸಾಲಿಗೋಳು ಕೂಡೋ ನಮ್ಮ ಸಿ.ಆರ್.ಸಿ. ಅಕ್ಕನ ಮನಿ, ತಲಿ ಹಿಕ್ಕೊಳ್ಳದ ಹೋದ್ರೂ ನಡೀತೈತಿ. ಡಯಟ್ ಜಿಲ್ಲಾದ ತರಬೇತಿ ಸಂಸ್ಥೆ, ಅಜ್ಜಿ ಮನಿ. ಅಜ್ಜಿ ಹಳೇ ಕಥಿನ ಹೇಳತಾಳ, ಆದ್ರ ಚೊಲೊ ಹೇಳತಾಳ."

"ಮತ್ತ ಡಿ.ಡಿ.ಪಿ.ಐ. ಸಾಹೇಬ್ರು?"

"ಜಿಲ್ಲಾಕ್ಕ ಹಿರೇ ಮಾವ. ಕೆಮ್ಮಿದ್ರ ಸಾಕು, ಸೆರಗ ಹೊತ್ತ ಎದ್ದ ನಿಲ್ಲಬೇಕು."

ನನ್ನ ಸಿಟ್ಟು ಎಲ್ಲಿ ಹೋತೋ ತಿಳೀಲಿಲ್ಲ. ನಕ್ಕೋತ, "ಮಕ್ಕಳ ತಂದಿ-ತಾಯಿ ಏನಾಗಬೇಕ್ರಿ ನಮಗ?" ಅಂತ ಕೇಳಿದೆ.

ಅಕ್ಕೋರು ಮಾತ್ರ ನಗಲಿಲ್ಲ. "ಬೀಗರು. ಕೂಸು ಇಬ್ಬರದೂ. ಬೀಗತನ ಕೆಟ್ಟರ ಸಾಲಿ ಕೆಟ್ಟಂಗ."

ಇಷ್ಟೆಲ್ಲಾ ಗಂಡನ ಮನಿ ಮಾತಾಡೋ ಅಕ್ಕೋರು ಗಂಡನ ಮನಿಯಾಗ ಇದ್ದದ್ದ ಸ್ವಲ್ಪ ದಿನ. ಲಗ್ನ ಆಗಿ ಎರಡು ವರ್ಷಕ್ಕ ಗಂಡ ತೀರಿಕೊಂಡಿದ್ರು. ನಾ ತಿಳೀದ ಒಮ್ಮೆ ಕೇಳಿಬಿಟ್ಟೆ, ಅಷ್ಟ ದಿನದಾಗ ಇಷ್ಟೆಲ್ಲಾ ಹೆಂಗ ತಿಳೀತ್ರಿ ಅಂತ. "ಎರಡ ವರ್ಷ ಸಾಕವಾ, ಪೂರ್ತಿ ಸಿಲೆಬಸ್ ಮುಗಿದಿತ್ತು" ಅಂದ್ರು. ಒಂದು ಮಾತ್ರ ನಾ ನೋಡಿಟ್ಟಿದ್ದೆ. ಸಾಲಿ ಕಲಿಸೋ ಯಾರಾದ್ರೂ ಹೆಣ್ಣುಮಗಳು ವರ್ಗಾ ಆಗಿ ಹೊಂಟ್ರ, ನಾವೆಲ್ಲಾ ಕೂಡಿ ಅಕ್ಕಿ, ಕೊಬ್ಬರಿಬಟ್ಟಲ, ಕುಬಸದ ಅರಿವಿ ಇಟ್ಟು ಆಕಿಗೂ, ಬಂದ ಹೆಣ್ಣುಮಕ್ಕಳಿಗೂ ಉಡಿ ತುಂಬತಿದ್ವಿ. ಆ ತಾಟು ಹೊರಗ ಬರೋದ್ರಾಗ ಇವರು ಏನೋ ನೆವ ಹೇಳಿ ಎದ್ದು ಹಿತ್ತಲಕ್ಕ ಹೋಗಿಬಿಡತಿದ್ರು. ಗಂಡ ಇಲ್ಲದಾಕಿಗೆ ಉಡಿ ತುಂಬಂಗಿಲ್ಲ ಅನ್ನೋ ಪದ್ಧತಿ. ತಮ್ಮನ್ನ ಬಿಟ್ಟು ತುಂಬೋರಿಗೆ ಮುಜುಗರ ಆಗಬಾರದು ಅಂತ ತಾವ ಸರೀತಿದ್ರು. ಇದು ಸರಿ ಅಲ್ಲ ಅಂತ ಬಾಯಿ ಬಿಟ್ಟು ಅನ್ನೋ ಧೈರ್ಯ ನಮಗ ಯಾರಿಗೂ ಇರಲಿಲ್ಲ.

ಹಿತ್ತಲ ಅವರಿಗೆ ರೂಢಿನ ಆಗಿತ್ತು. ಸಾಲಿ ಬಿಟ್ಟ ಕೂಸು ಇದ್ದ ಮನಿಗೆ ಅವರು ಯಾವತ್ತೂ ಮುಂಬಾಗಲದಿಂದ ಹೋಗಲಿಲ್ಲ. "ಮುಂದಿಂದ ಹೋದ್ರ ಗಂಡಸರು ಬರ್ರಿ ಕುಂದರ್ರಿ ಅಂತಾರ, ಚಾ ಕುಡಿಸಿ ಕಳಸತಾರ. ಕೂಸಿನ ಸುದ್ದಿ ಇರೋದು ಹಿತ್ತಲದಾಗ" ಅನ್ನೋರು. ಹಿತ್ತಲದಾಗ ತಾಯಿ ಜ್ವಾಳ ಹಸನ ಮಾಡತಿದ್ರ ತಾವೂ ಮೊರ ಹಿಡಿಯೋರು, ಕೆಲಸ ಇರಲಿಲ್ಲಂದ್ರ ಚೀಲದಾಗಿನ ಶೇಂಗಾ ಮುಂದ ಸುರುವೋರು. "ಕೈ ಖಾಲಿ ಇದ್ರ ಬಾಯಿ ಕಟ್ಟತೈತಿ. ಕೈಗೆ ಕೆಲಸ ಕೊಡು, ಬಾಯಿ ತಾನ ಬಿಚ್ಚತೈತಿ." ಈ ಮಾತು ನಾನೂ ಭಾಳ ಕೇಳಿದ್ದೆ. ಖರೆ ಅಂತ ತಿಳಿದಿದ್ದು ಎಂಟನೇತ್ತಿ ಗದ್ದಲದಾಗ.

ಆಗ ಹೊಸಾದಾಗಿ ಎಸ್.ಡಿ.ಎಂ.ಸಿ. ಬಂದಿತ್ತು. ಸಾಲಿ ನೋಡಿಕೊಳ್ಳಾಕ ಊರವರದ ಒಂದು ಸಮಿತಿ. ಮನಿಗೆ ಒಬ್ಬರಂಗ ಬರ್ರಿ ಅಂತ ನಮ್ಮ ಮುಖ್ಯೋಪಾಧ್ಯಾಯ್ರು ಡಂಗುರ ಹೊಡಿಸಿದ್ರು. ನಮ್ಮ ಕಡೆ ಮನಿಗೊಬ್ಬರು ಅಂದ್ರ ಯಾರು ಬರತಾರ? ಲಗ್ನ ಇರಲಿ, ನ್ಯಾಯ ಇರಲಿ, ಮನಿ ಹಿರೇರ ಬರತಾರ. ಅಪ್ಪ ಕುಂತಲ್ಲಿ ಮಗ ಕುಂದ್ರಂಗಿಲ್ಲ, ಸೊಸಿ ಅಂತೂ ಹಾಯಂಗಿಲ್ಲ. ಬಿಳಿ ರುಮಾಲಿನ ಅಜ್ಜಗೋಳು ಬಂದ್ರು, ಎಲೆ-ಅಡಿಕಿ ಹಾಕ್ಕೊಂಡ್ರು, ಒಂಬತ್ತೂ ಜಾಗಾಕ್ಕ ಒಂಬತ್ತು ಅಜ್ಜಗೋಳು ಆರಿಸಿ ಬಂದ್ರು. ಎಲ್ಲಾರಿಗಿಂತ ಹಿರೇ ಅಜ್ಜಾರನ್ನ ಅಧ್ಯಕ್ಷರ ಮಾಡಿ ಮಾಲಿ ಹಾಕಿದ್ವಿ. ನಾನೂ ಚಪ್ಪಾಳಿ ಬಾರಿಸಿದೆ. ಊರ ತುಂಬ ಸಂತೋಷ.

ಮಾಲಿ ಹಾಕಿಸಿಕೊಂಡ ಈ ಅಜ್ಜಾರ ಮನಿಯಾಗ ಗಂಗವ್ವ ಅಂತ ಸೊಸಿ. ಗಂಗವ್ವನ ಮಗಳು ಶೋಭಾ ನಮ್ಮಲ್ಲೆ ಏಳನೇತ್ತಿ, ಚುರುಕ ಹುಡುಗಿ. ಏಳು ಮುಗಿದ್ರ ಮುಂದಿನ ಸಾಲಿ ಸುರೇಬಾನದಾಗ. ಹೆಣ್ಣುಮಕ್ಕಳನ್ನ ಬಸ್ಸಿನ್ಯಾಗ ಕಳಸೂದಿಲ್ಲ ಅಂತ ಅಜ್ಜಾರು ಕಡ್ಡಿ ಮುರದಂಗ ಹೇಳಿದ್ರು. ಅವರೊಬ್ಬರ ಅಲ್ಲ, ಊರ ಪೂರ್ತಿ ಹಂಗ. ಅದ ವರ್ಷ ಕೆಲವು ಸಾಲಿಗೆ ಎಂಟನೇತ್ತಿ ಕೊಡತಾರ ಅಂತ ಸುದ್ದಿ ಬಂತು. ನಾವು ಅಜ್ಜಾರ ಸಮಿತಿಯಿಂದ ಬೇಡಿಕಿ ಕಳಿಸಿದ್ವಿ.

ವಾರದಾಗ ಅಕ್ಕೋರು ಬಂದ್ರು, ಬಾವಿ ಕಡಿಂದ. ಅವತ್ತು ಮಾತ್ರ ಅವರ ಮಾರಿ ಬಾಡಿತ್ತು.

"ಮಾಸ್ತರ್ರ, ಏನ ಮಾಡಿ ಕುಂತೀರಿ? ಸಾಲಿಯಾಗ ಕಲಿಯೋ ಕೂಸಿನ ತಂದಿ-ತಾಯಿ ಇರಬೇಕ್ರಿ ಸಮಿತಿಯಾಗ. ಹೆಣ್ಣುಮಕ್ಕಳು ಇರಬೇಕು. ನೀವು ಅಜ್ಜಗೋಳ ಸಂತಿ ಕೂಡಿಸೀರಿ. ಈ ಬೇಡಿಕಿ ನಡಿಯಂಗಿಲ್ಲ ಅಂತ ಬಿ.ಇ.ಓ. ಆಫೀಸಿನವರು ಹೇಳ್ಯಾರ. ತಿಂಗಳ ಮುಗಿಯೋದ್ರಾಗ ಸಮಿತಿ ಬದಲ ಆಗಬೇಕು, ಬಿ.ಇ.ಓ. ಸಾಹೇಬ್ರು ಬಂದು ಹೊಸ ಸಮಿತಿಯವರ ಬಾಯಿಲೆ ಕೇಳತಾರ. ಇಲ್ಲಂದ್ರ ಎಂಟನೇತ್ತಿ ಬ್ಯಾರೆ ಊರಿಗೆ ಹೋಗತೈತಿ."

ಮುಖ್ಯೋಪಾಧ್ಯಾಯ್ರು ಬೆವರು ಒರಸಿಕೊಂಡ್ರು. ಮಾಲಿ ಹಾಕಿಸಿಕೊಂಡ ಹಿರೇರನ್ನ ಇಳೀರಿ ಅನ್ನೋರು ಯಾರು? ಅಂದ್ರ ನಾಳಿಂದ ಊರಾಗ ನೀರು ಕೇಳಿದ್ರೂ ಸಿಗಂಗಿಲ್ಲ.

ಅಕ್ಕೋರು ನನ್ನ ಕರಕೊಂಡು ಅಜ್ಜಾರ ಮನಿ ಹಿತ್ತಲಕ್ಕ ಹೋದ್ರು. ಗಂಗವ್ವ ಒಬ್ಬಾಕಿನ ಇದ್ಲು. ಮೂವರೂ ಶೇಂಗಾ ಸುಲಕೋತ ಕುಂತ್ವಿ. ಅಕ್ಕೋರು ಏನೂ ಕೇಳಲಿಲ್ಲ. ಗಂಗವ್ವ ತಾನ ಅಂದ್ಲು, "ಏಳನೇತ್ತಿಗೆ ನಮ್ಮಪ್ಪ ನನ್ನ ಬಿಡಿಸಿದ್ರಿ ಅಕ್ಕೋರ. ಆವತ್ತು ನಾ ಉಂಡಿರಲಿಲ್ಲ. ಈಗ ಶೋಭಾ ದಿನಾ ಕೇಳತಾಳ, ಎಂಟನೇತ್ತಿ ಬರತೈತೇನವ್ವಾ ಅಂತ."

"ಬರತೈತಿ ಅಂತ ನೀ ಹೇಳು. ಆದ್ರ ಸಮಿತಿಯಾಗ ನೀ ಕುಂದರಬೇಕಾಗತೈತಿ."

"ಮಾವಾರ ಮುಂದ ನಾ ಇವತ್ತಿನ ಮಟಾ ಮಾತಾಡಿಲ್ರಿ" ಅಂದು ಆಕಿ ಸುಲಿಯೋ ಕೈ ನಿಲ್ಲಿಸಿಬಿಟ್ಲು.

ಅಲ್ಲಿಂದ ಪಡಸಾಲಿಗೆ ಬಂದ್ವಿ. ಅಜ್ಜಾರಿಗೆ ಸುದ್ದಿ ಮೊದಲ ಮುಟ್ಟಿತ್ತು. ಕಂಬಕ್ಕ ಆನಿಕೊಂಡು ಕುಂತವರು ಮಾರಿ ತಿರುವಿದ್ರು. "ಊರ ಮಂದಿ ಹಾಕಿದ ಮಾಲಿ ತಗದು ಸೊಸಿ ಕೊರಳಿಗೆ ಹಾಕತೀರೇನ್ರಿ ಅಕ್ಕೋರ?"

ಅಕ್ಕೋರು ನೆಲದಮ್ಯಾಲ ಕುಂತು ಚೀಲ ಬಿಚ್ಚಿದ್ರು. ಸುಲಿದ ಕಾಳು ಅವರ ಮುಂದ ಇಟ್ರು. "ಹಲ್ಲ ಅದಾವಲ್ರಿ ಅಜ್ಜಾರ? ತಿನ್ನರಿ. ಹೋದ ವರ್ಷ ನಿಮ್ಮ ಸಣ್ಣ ಮಗನ ಲಗ್ನ ಆತು. ಯಜಮಾನಕಿ ಯಾರದು?"

"ನಂದ."

"ಅಕ್ಕಿಕಾಳು ಬೀಳುವಾಗ ಹಂದರದಾಗ ಕುಂತವರು ಯಾರು?"

"ಮದುಮಕ್ಕಳು."

"ನೀವ್ಯಾಕ ಬಾಸಿಂಗ ಕಟಗೊಂಡು ಕುಂದರಲಿಲ್ಲ?"

ಅಜ್ಜಾರು ದಿಟ್ಟಿಸಿ ನೋಡಿದ್ರು. ಬೈತಾರ ಅಂತ ನಾ ಎದ್ದ ನಿಲ್ಲಾಕ ತಯಾರಾಗಿದ್ದೆ. ಅವರ ಮೀಸಿ ಮೊದಲ ಅಲುಗಾಡಿತು, ಆಮ್ಯಾಲ ಹೊಟ್ಟಿ.

"ಇದೂ ಹಂಗ ಐತ್ರಿ" ಅಂದ್ರು ಅಕ್ಕೋರು. "ಕುಂದ್ರೋರು ಕೂಸಿನ ತಂದಿ-ತಾಯಿ. ಮುಂದ ನಿಂತು ಮಾಡಿಸೋರು ನೀವು. ನೀವು ನಿಲ್ಲಲಿಲ್ಲಂದ್ರ ಈ ಲಗ್ನ ಆಗಂಗಿಲ್ಲ."

ಅಜ್ಜಾರು ಶೇಂಗಾ ತಿಂದು ಮುಗಿಸಿದ್ರು. ಎರಡು ದಿನದ ಮ್ಯಾಲ ತಾವ ಮಂದಿ ಕೂಡಿಸಿ, "ನಾವು ಕಟ್ಟಿಮ್ಯಾಲ ಇರತೇವಿ, ಒಳಗ ಕೂಸಿನ ತಾಯಂದ್ರು ಕುಂದರಲಿ" ಅಂತ ಸಾರಿದ್ರು. ಗಂಗವ್ವ ಅಧ್ಯಕ್ಷೆ ಆದ್ಲು.

ಸಾಹೇಬ್ರು ಬಂದ ದಿನ ಆರನೇತ್ತಿ ಖೋಲಿಯಾಗ ಜಮಖಾನಿ ಹಾಸಿದ್ವಿ. ಕಿಡಕಿ ಹೊರಗ ಬೇವಿನ ಗಿಡದ ಕಟ್ಟಿಮ್ಯಾಲ ಅಜ್ಜಗೋಳು ಸಾಲಾಗಿ ಕುಂತಿದ್ರು. ಒಳಗಿನ ಮಾತು ಪೂರ್ತಿ ಅವರಿಗೆ ಕೇಳಸತಿತ್ತು, ಅದ ಫಜೀತಿ. ಸಾಹೇಬ್ರು ಕೇಳಿದ್ರು, "ಹೇಳ್ರಿ ಅಧ್ಯಕ್ಷರ, ನಿಮ್ಮ ಬೇಡಿಕಿ ಏನು?" ಗಂಗವ್ವ ತಲಿ ಎತ್ತಲಿಲ್ಲ. ಬಾಜೂಕ ಟೆಂಪೋ ಡ್ರೈವರ್ ರಾಜೇಸಾಬನ ಹೆಂಡತಿ ಮಾಬೂಬಿ ಕುಂತಿದ್ಲು. ಬಾವಿ ಕಟ್ಟಿಮ್ಯಾಲ ಆಕಿ ಮಾತಿಗೆ ಕೊನಿ ಇರತಿರಲಿಲ್ಲ, ಇಲ್ಲೆ ಆಕಿನೂ ಸುಮ್ಮನ. ಮುಖ್ಯೋಪಾಧ್ಯಾಯ್ರು ಬಾಯಿ ಹಾಕಾಕ ಹೋದ್ರು. "ನೀವಲ್ಲ, ಅವರು ಹೇಳಲಿ" ಅಂದು ಸಾಹೇಬ್ರು ಕೈಗಡಿಯಾರ ನೋಡಿದ್ರು.

ಅಕ್ಕೋರು ಚೀಲ ತಂದು ಜಮಖಾನಿ ನಡುವ ಬೋರಲ ಹಾಕಿದ್ರು. "ತಪ್ಪ ತಿಳಕೋಬ್ಯಾಡ್ರಿ ಸಾಹೇಬ್ರ, ಇವು ನಾಳೆ ಬೀಜಕ್ಕ ಬೇಕಾಗ್ಯಾವ. ಎಲ್ಲಾರೂ ಒಂದೊಂದು ಹಿಡಿ ಸುಲಿದ್ರ ಉಪಕಾರ ಆಗತೈತಿ."

ಅಕ್ಕೋರಿಗೆ ಬಿತ್ತಾಕ ಒಂದು ಗೇಣು ಹೊಲ ಇಲ್ಲ. ನಾ ನಗು ತಡಕೊಂಡು ಸುಲೀಲಿಕ್ಕೆ ಕುಂತೆ. ಹೆಣ್ಣುಮಕ್ಕಳ ಕೈ ತಾವ ಮುಂದ ಬಂದ್ವು. ಸಿಪ್ಪಿ ಮುರಿಯೋ ಸಪ್ಪಳ ಸುರು ಆತು. ಮಾಬೂಬಿ ಅಂದ್ಲು, "ಕಾಳ ಸಣ್ಣ ಅದಾವ್ರಿ ಅಕ್ಕೋರ." ಇನ್ನೊಬ್ಬಾಕಿ, "ಈ ವರ್ಷ ಎಲ್ಲಾರದೂ ಸಣ್ಣ" ಅಂದ್ಲು. ಮಳಿ ಮಾತು ಬಂತು, ಮಳಿಯಾಗ ಬಾರದ ಬಸ್ಸಿನ ಮಾತು ಬಂತು, ಬಸ್ಸಿನ್ಯಾಗ ಹೋಗದ ಹುಡುಗ್ಯಾರ ಮಾತು ಬಂತು. ಸಾಹೇಬ್ರೂ ಒಂದು ಹಿಡಿ ತಗೊಂಡು ಸುಲೀಲಿಕ್ಕೆ ಹತ್ತಿದ್ರು. ಆಗ ಗಂಗವ್ವ, ತನ್ನ ಕೈ ನೋಡಕೋತ, ಅಂದ್ಲು.

"ಎಂಟನೇತ್ತಿ ನಮ್ಮೂರಾಗ ಆಗಬೇಕ್ರಿ. ಆಗಲಿಲ್ಲಂದ್ರ ನಮ್ಮ ಹುಡುಗ್ಯಾರು ಇಲ್ಲಿಗೆ ನಿಂತಬಿಡತಾವ. ನಾ ನಿಂತಂಗ."

ಕಿಡಕಿ ಹೊರಗ ಕೆಮ್ಮು ಕೇಳಿಸಿತು. ಎಲ್ಲಾರ ಸೆರಗೂ ತಲಿಮ್ಯಾಲ ಏರಿದ್ವು, ಎಲ್ಲಾರ ಕೈಯೂ ನಿಂತ್ವು. ಅಜ್ಜಾರ ದನಿ ಬಂತು.

"ಗಂಗವ್ವ, ಮಾತು ಭಾಳ ಸಣ್ಣ ದನಿಲೆ ಹೇಳಿದಿ. ಸಾಹೇಬ್ರಿಗೆ ಕೇಳಿಸಿಲ್ಲ. ಇನ್ನೊಮ್ಮೆ ಹೇಳವಾ, ಜೋರಲೆ."

ಸಾಹೇಬ್ರಿಗೆ ಚೊಲೊತ್ನಂಗ ಕೇಳಿಸಿತ್ತು. ಆದ್ರೂ ಅವರು ಕೇಳಿಸಿಲ್ಲ ಅನ್ನೋರಂಗ ಕಿವಿ ಮುಂದ ಮಾಡಿದ್ರು. ಗಂಗವ್ವ ಇನ್ನೊಮ್ಮೆ ಹೇಳಿದ್ಲು. ನಾ ಸಿಪ್ಪಿ ಆರಿಸೋ ನೆವದಾಗ ಬಗ್ಗಿ ಕಣ್ಣು ಒರಸಿಕೊಂಡೆ.

ಮುಂದಿನ ಜೂನಿನ್ಯಾಗ ಎಂಟನೇತ್ತಿ ಬಂತು. ಶೋಭಾ ಮೊದಲನೇ ಸಾಲಿನ್ಯಾಗ ಕುಂತ್ಲು. ಅಕ್ಕೋರ ನಿವೃತ್ತಿನೂ ಅದ ವರ್ಷನ ಬಂತು. ಬೀಳ್ಕೊಡುಗೆ ತಾಲೂಕಿನ್ಯಾಗ ಇಡೋಣ ಅಂದವರಿಗೆ ಗಂಗವ್ವ, "ನಮ್ಮ ಸಾಲಿಯಾಗ ಆಗಬೇಕು" ಅಂದ್ಲು. ಎಂಟನೇತ್ತಿ ಖೋಲಿಯಾಗ ಆತು. ಶಾಲು ಹೊಚ್ಚಿದ್ರು, ಹಾರ ಹಾಕಿದ್ರು. ಸಾಹೇಬ್ರು ಮಂದಿ ಭಾಷಣ ಮಾಡಿದ್ರು. ಅಕ್ಕೋರನ್ನ ಒತ್ತಾಯ ಮಾಡಿ ಕುರ್ಚಿಮ್ಯಾಲ ಕುಂಡ್ರಿಸಿದ್ವಿ. ಅವರಿಗೆ ಅದು ಹಿಂಸಾ ಆಗಿದ್ದು ಮಾರಿಮ್ಯಾಲ ಕಾಣತಿತ್ತು.

ಭಾಷಣ ಮುಗಿದ್ವು. ಮಾಬೂಬಿ ಉಡಿ ಸಾಮಾನಿನ ತಾಟು ಹಿಡಕೊಂಡು ಒಳಗ ಬಂದ್ಲು. ತಾಟು ಕಂಡದ್ದ ತಡ, ಅಕ್ಕೋರು ರೂಢಿ ಪ್ರಕಾರ ಎದ್ದು ಹಿಂದಿನ ಬಾಗಲದ ಕಡೆ ಹೊಂಟ್ರು. ಬಾಗಲದಾಗ ಗಂಗವ್ವ ಅಡ್ಡ ನಿಂತಿದ್ಲು.

"ಎಲ್ಲಿ ಹೊಂಟ್ರಿ? ಇದು ನಿಮಗ ತಂದದ್ದು."

"ಬ್ಯಾಡವಾ ಗಂಗವ್ವ. ನನಗ ನಡಿಯಂಗಿಲ್ಲ. ಗೊತ್ತಿಲ್ಲೇನು ನಿನಗ?"

ಖೋಲಿ ತುಂಬ ಮಂದಿ. ಅಜ್ಜಾರು ಮುಂದಿನ ಸಾಲಿನ್ಯಾಗ ಕುಂತಿದ್ರು. ಮೊದಲಿನ ಗಂಗವ್ವ ಆಗಿದ್ರ ಒಮ್ಮೆ ಅವರ ಕಡೆ ನೋಡತಿದ್ಲು. ನೋಡಲಿಲ್ಲ.

"ನೀವು ಈ ಸಾಲಿ ಮಗಳು. ತವರಮನಿಯಿಂದ ಬರೇ ಉಡಿಲೆ ಕಳಸಂಗಿಲ್ಲ. ಸೆರಗ ಹಿಡೀರಿ ಅಕ್ಕೋರ."

ಜೋರಲೆ ಹೇಳಿದ್ಲು. ಅಜ್ಜಾರು ಕೆಮ್ಮಲಿಲ್ಲ.

ಅಕ್ಕೋರು ಸೆರಗು ಹಿಡಿದ್ರು. ಕೆಲಸ ಇಲ್ಲದ ಅವರ ಕೈ ನಾ ಮೊದಲ ಸಲ ನೋಡಿದೆ. ಗಂಗವ್ವ, ಮಾಬೂಬಿ ಮುಂದ ಬಂದ್ರು, ಹಿಂದಿಂದ ಎಲ್ಲಾ ತಾಯಂದ್ರೂ ಬಂದ್ರು. ಅಕ್ಕಿ ಬದಲಿ ಶೇಂಗಾ ತಂದಿದ್ರು, ಸಿಪ್ಪಿ ಸಮೇತ, ಹಿಡಿ ಹಿಡಿ ಹಾಕೇ ಹಾಕಿದ್ರು. ಸೆರಗು ಭಾರ ಆಗಿ ಜಗ್ಗಲಿಕ್ಕೆ ಹತ್ತಿತು.

"ಇಷ್ಟ ಹೊತಗೊಂಡು ಬಸ್ ಹೆಂಗ ಹತ್ತಲೆವಾ" ಅಂದು ಅಕ್ಕೋರು ಅಲ್ಲೇ ನೆಲದಮ್ಯಾಲ ಕುಂತಬಿಟ್ರು. ಉಡಿ ಬಿಚ್ಚಿ ಮುಂದ ಸುರುವಿದ್ರು. "ಬರ್ರಿ, ಸುಲೀರಿ ಎಲ್ಲಾರೂ." ಸುಲಕೋತನ ಅತ್ರು. ನಾವೂ ಸುತ್ತ ಕುಂತ್ವಿ, ಅಜ್ಜಾರೂ ಕುರ್ಚಿ ಬಿಟ್ಟು ಇಳಿದು ಬಂದ್ರು. ಅವರು ಒಯ್ಯಾಕ ಒಂದು ಕಾಳೂ ಉಳೀಲಿಲ್ಲ, ಎಂಟನೇತ್ತಿ ಹುಡುಗ್ಯಾರು ಎಲ್ಲಾ ತಿಂದು ಮುಗಿಸಿದ್ರು.